ಹೊಸ್ತಿಲಲ್ಲಿ ಹನ್ನೊಂದು ಸೆಕೆಂಡು

ಬೂಟು ಬೇಡ ಎಂದು ಸದ್ದಕ್ಕ ಮೂರು ಸಲ ಹೇಳಿದಳು. ನಿರ್ದೇಶಕ ಮೂರು ಸಲವೂ ನಕ್ಕ.

"ಅಕ್ಕಾ, ಬರ್ತಿರೋದು ಸಾವು. ಹವಾಯಿ ಚಪ್ಪಲಿ ಹಾಕ್ಕೊಂಡು ಚಟಪಟ ಅಂತ ಬರುತ್ತಾ?"

"ನಮ್ಮನೆಗೆ ಬಂದಾಗ ಯಾವ ಬೂಟಿನ ಸದ್ದೂ ಕೇಳಿಸಲಿಲ್ಲಪ್ಪ," ಎಂದಳು ಅವಳು.

ಅವನ ನಗು ನಿಂತಿತು. ಬೂಟು ಮಾತ್ರ ಮೇಜಿನ ಮೇಲೆಯೇ ಇತ್ತು.

ರೇಡಿಯೋ ಕೇಂದ್ರದ ನಾಟಕ ವಿಭಾಗದಲ್ಲಿ ಮೂವತ್ತೊಂದು ವರ್ಷದಿಂದ ಸದ್ದು ಮಾಡುವುದೇ ಅವಳ ಕೆಲಸ. ಹೆಸರೂ ಹಾಗೇ ಅಂಟಿಕೊಂಡಿತು. ನಟರು ಒಂದು ಮೈಕಿನ ಮುಂದೆ ಕಾಗದ ಹಿಡಿದು ಮಾತಾಡುತ್ತಿದ್ದರೆ, ನಾಲ್ಕು ಹೆಜ್ಜೆ ಆಚೆ ಇನ್ನೊಂದು ಮೈಕಿನ ಮುಂದೆ ಅವಳು ಅವರ ಪರವಾಗಿ ನಡೆಯುತ್ತಾಳೆ, ಬಾಗಿಲು ತೆಗೆಯುತ್ತಾಳೆ, ಲೋಟಕ್ಕೆ ನೀರು ಬಗ್ಗಿಸುತ್ತಾಳೆ. ಜರಡಿಯಲ್ಲಿ ಒಣ ಬಟಾಣಿ ಆಡಿಸಿದರೆ ಮಳೆ. ಹಳೆಯ ಟೇಪಿನ ಸುರುಳಿಯನ್ನು ಮುದ್ದೆ ಮಾಡಿ ತುಳಿದರೆ ಒಣ ಹುಲ್ಲು. ಮೂಲೆಯಲ್ಲಿ ಸೊಂಟದೆತ್ತರದ ಚೌಕಟ್ಟಿಗೆ ಕೂರಿಸಿದ ಪುಟ್ಟ ಬಾಗಿಲೊಂದಿದೆ. ಅದಕ್ಕೆ ಚಿಲಕ, ಬೀಗ, ಕೊಂಡಿ ಎಲ್ಲ ಹಾಕಿಕೊಟ್ಟವನು ಅವಳ ಗಂಡ. ಬಸ್ ನಿಲ್ದಾಣದ ಎದುರು ಬೀಗ ರಿಪೇರಿ ಅಂಗಡಿ ಇಟ್ಟಿದ್ದ.

ಈ ಸಲದ ನಾಟಕ ವಿಚಿತ್ರದ್ದು. ಒಬ್ಬ ಹೆಂಗಸು ಮಟಮಟ ಮಧ್ಯಾಹ್ನ ಸಾಯುತ್ತಾಳೆ. ಸತ್ತ ಮೇಲೆ ಅವಳ ಮನೆಯ ಕೋಣೆಗಳು ಜಾಗ ಬದಲಿಸಿಕೊಳ್ಳುತ್ತವೆ. ನಲ್ಲಿ ತಿರುಗಿಸಿದರೆ ಅವಳದೇ ಹದಿನಾರರ ದನಿ ಸುರಿಯುತ್ತದೆ. ಅವಳ ಜಡೆ ಮೆಟ್ಟಿಲಿಳಿದು, ಬೀದಿ ದಾಟಿ ಬೆಳೆಯುತ್ತಲೇ ಹೋಗುತ್ತದೆ. ಸಾವು ಗಂಡಸಿನ ರೂಪದಲ್ಲಿ ಬರುತ್ತದೆ, ಬಂದ ಕೆಲಸವನ್ನೇ ಮರೆಯುತ್ತದೆ, ವಾಪಸ್ ಹೋಗುತ್ತದೆ, ಮತ್ತೆ ಬರುತ್ತದೆ. ಅವಳಿಗೋ ಅವನ ಮೇಲೆ ಆಸೆ. ಕೊನೆಯ ದೃಶ್ಯದಲ್ಲಿ ಹೆಜ್ಜೆ ಸದ್ದು ಕೇಳಿದೊಡನೆ ಅವಳು ಹೇಳುವ ಮಾತು ಇಷ್ಟೇ: "ಬಂದ್ಯಾ? ಎಷ್ಟೊತ್ತು ಕಾಯಿಸ್ತೀಯೋ! ಬಾ, ಈ ಜಡೆ ಬಿಚ್ಚು."

ಸತ್ತವಳ ಪಾತ್ರ ಮಾಡುತ್ತಿದ್ದವಳು ಹೈಸ್ಕೂಲಿನಲ್ಲಿ ಗಣಿತ ಹೇಳುವ ಟೀಚರ್. ಮೊದಲ ಸಲ ಬೂಟಿನಲ್ಲೇ ರೆಕಾರ್ಡಿಂಗ್ ಆಯಿತು. ಕೊಟ್ಟ ಕೆಲಸದಲ್ಲಿ ಒಂದಿಷ್ಟೂ ಕಳ್ಳತನ ಮಾಡದೆ ಸದ್ದಕ್ಕ ಮರದ ಹಲಗೆಯ ಮೇಲೆ ಧಡ್ ಧಡ್ ಎಂದು ನಡೆದಳು. ಟೀಚರ್ "ಬಂದ್ಯಾ?" ಎಂದವಳು ಅಲ್ಲಿಗೇ ನಿಲ್ಲಿಸಿ ಕಾಗದ ಕೆಳಗಿಟ್ಟಳು.

"ಸಾರ್, ಈ ಪೊಲೀಸ್ ಸದ್ದಿಗೆ ಜಡೆ ಬಿಚ್ಚು ಅನ್ನೋಕೆ ನನಗಾಗಲ್ಲ. ಬೇಕಾದ್ರೆ ಜಾಮೀನು ಕೇಳ್ತೀನಿ."

ಗಾಜಿನಾಚೆ ಕುಳಿತ ನಿರ್ದೇಶಕನಿಗೂ ನಗು ತಡೆಯಲಾಗಲಿಲ್ಲ. "ಆಯ್ತಕ್ಕಾ, ನಿಮ್ಮಿಷ್ಟ. ಒಂದೇ ಒಂದು ಸಲ."

ಸದ್ದಕ್ಕ ಚೀಲದಿಂದ ಚಪ್ಪಲಿ ತೆಗೆದಳು. ನೀಲಿ ಪಟ್ಟಿಯವು, ಗಂಡ ಹಾಕಿ ಬಿಟ್ಟ ಹಳೆಯವು. ಎಡಗಾಲಿನದು ಹಿಮ್ಮಡಿಯಲ್ಲಿ ಸವೆದು ಕಾಗದದಷ್ಟು ತೆಳುವಾಗಿತ್ತು. ದಿನವಿಡೀ ಮಂಡಿ ಮಡಚಿ ಕೂತು ಅವನ ಎಡಗಾಲು ಹಿಡಿದುಕೊಂಡಿತ್ತು, ಎಳೆದು ಹಾಕುತ್ತಿದ್ದ. ಟಪ್, ಸರ್ರ್. ಟಪ್, ಸರ್ರ್. ಹೊಸ್ತಿಲಿಗೆ ಬಂದು ನಿಲ್ಲುತ್ತಿದ್ದ. ಆಮೇಲೆ ಒಳಗೆ. ಈ ಕೇಂದ್ರದ ನಾಟಕಗಳಲ್ಲಿ ಇಪ್ಪತ್ತೊಂಬತ್ತು ವರ್ಷ ಮನೆಗೆ ಬಂದ ಗಂಡಂದಿರೆಲ್ಲ, ವಕೀಲನಿರಲಿ ಕುಡುಕನಿರಲಿ, ಹಾಗೇ ನಡೆದುಬಂದಿದ್ದಾರೆ. ಯಾವ ಕೇಳುಗನಿಗೂ ಗುಟ್ಟು ಗೊತ್ತಾಗಿರಲಿಲ್ಲ. ಬೀಗದವನಿಗೆ ಮಾತ್ರ ಗೊತ್ತಾಗಿತ್ತು.

"ಏನೇ ಇದು, ಊರಲ್ಲಿರೋ ಗಂಡಂದಿರಿಗೆಲ್ಲ ನನ್ನ ಕಾಲೇ ಕೊಟ್ಟಿದ್ದೀಯಲ್ಲ!" ಎಂದಿದ್ದ ಒಂದು ಭಾನುವಾರ, ರೇಡಿಯೋಗೆ ಕಿವಿ ಹಚ್ಚಿ.

"ಹೊಸ್ತಿಲಲ್ಲಿ ಅಷ್ಟೊತ್ತು ಯಾಕೆ ನಿಲ್ತೀರಿ? ಅದನ್ನ ಮೊದಲು ಹೇಳಿ."

"ಪಾತ್ರೆ ಸದ್ದು ಕೇಳ್ಕೊಂಡು ಒಳಗಿನ ಹವಾಮಾನ ನೋಡ್ತೀನಿ. ಗುಡುಗಿದ್ರೆ ಒಂದು ಮುಖ, ಬಿಸಿಲಿದ್ರೆ ಇನ್ನೊಂದು."

ಅವನು ಹೋಗಿ ಎರಡು ವರ್ಷ. ಹೇಗೆ ಹೋದ ಎನ್ನುವುದನ್ನು ಇಲ್ಲಿ ನೆಟ್ಟಗೆ ಹೇಳಬೇಕು.

ಅಂಗಡಿಯಲ್ಲಿ ಕೂತವನು ಕೂತಲ್ಲೇ ವಾಲಿದ. ಪಕ್ಕದ ಚಹಾದವನು ಆಸ್ಪತ್ರೆಗೆ ಸಾಗಿಸಿ ರೇಡಿಯೋ ಕೇಂದ್ರಕ್ಕೆ ಫೋನ್ ಮಾಡಿದ. ಸದ್ದಕ್ಕ ಒಳಗಿದ್ದಳು, ಸ್ಟುಡಿಯೋದ ಬಾಗಿಲ ಮೇಲೆ ಕೆಂಪು ದೀಪ ಹತ್ತಿತ್ತು. ಫೋನ್ ಎತ್ತಿದವರು ಆಗ ಕಾರ್ಯಕ್ರಮ ಅಧಿಕಾರಿ, ಈಗ ಕೇಂದ್ರದ ಮುಖ್ಯಸ್ಥರು. ದೀಪ ಹತ್ತಿರುವಾಗ ಬಾಗಿಲು ತೆಗೆಯಬಾರದು ಎನ್ನುವುದು ನಿಯಮ. ಅವರು ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ನಲವತ್ತು ನಿಮಿಷ ಕೂತರು. ಒಳಗೆ ಸದ್ದಕ್ಕ ಒಂದು ಸಂಸಾರದ ಹಾಸ್ಯ ನಾಟಕಕ್ಕೆ ಗಂಡನ ಚಪ್ಪಲಿ ಕೈಯಲ್ಲಿ ಹಿಡಿದು ಹಲಗೆಯ ಮೇಲೆ ಗಂಡನನ್ನು ಮನೆಗೆ ಕರೆತರುತ್ತಿದ್ದಳು. ಸಂಭಾಷಣೆ ತಪ್ಪಿದ್ದಕ್ಕೆ ಎರಡು ಸಲ ಕರೆತಂದಳು. ಫೋನ್ ಬಂದಾಗ ಅವನಿಗೆ ಜೀವವಿತ್ತು, ಪ್ರಜ್ಞೆ ಇತ್ತು, ಅವಳನ್ನು ಕೇಳಿದ್ದ. ಅವಳು ಆಸ್ಪತ್ರೆ ಮುಟ್ಟುವ ಹತ್ತು ನಿಮಿಷ ಮೊದಲು ಎಲ್ಲ ಮುಗಿದಿತ್ತು.

"ದೀಪ ಹತ್ತಿತ್ತಮ್ಮಾ," ಎಂದರು ಅವರು ಆಮೇಲೆ. ಸಂತಾಪದ ಕಾಗದವನ್ನೂ ಟೈಪು ಮಾಡಿಸಿ ಕಳಿಸಿದರು. ಅದರಲ್ಲಿ ದೀಪದ ಮಾತಿರಲಿಲ್ಲ. ಸದ್ದಕ್ಕ ಹದಿನೈದನೆಯ ದಿನಕ್ಕೆ ಕೆಲಸಕ್ಕೆ ಬಂದಳು. ಆದರೆ ಆ ಚಪ್ಪಲಿಯನ್ನು ಮೈಕಿನ ಮುಂದೆ ಹಿಡಿಯಲಿಲ್ಲ. ಎರಡು ವರ್ಷ ಯಾವ ಗಂಡನೂ ಆ ನಡಿಗೆಯಲ್ಲಿ ಮನೆಗೆ ಬರಲಿಲ್ಲ.

ಈಗ ಹಿಡಿದಳು. ಟಪ್, ಸರ್ರ್. ಟಪ್, ಸರ್ರ್. ಪುಟ್ಟ ಬಾಗಿಲಿನ ಹೊಸ್ತಿಲಿಗೆ ಬಂದು ನಿಂತಳು. ಸ್ಟುಡಿಯೋದಲ್ಲಿ ಉಸಿರಿನ ಸದ್ದೂ ಇಲ್ಲ. ನಿರ್ದೇಶಕ ಸಾಕು ಎನ್ನಲು ಕೈ ಎತ್ತಿದ. ಎತ್ತಿದ ಕೈ ಹಾಗೇ ಉಳಿಯಿತು. ಟೀಚರ್ ಕಾಗದದಿಂದ ಕಣ್ಣು ತೆಗೆದು ಬಾಗಿಲನ್ನೇ ನೋಡುತ್ತಿದ್ದಳು. ಒಂದು ಹೆಜ್ಜೆ ಒಳಗೆ ಬಿತ್ತು. "ಬಂದ್ಯಾ?" ಎಂದಳು ಟೀಚರ್, ಗಣಿತ ಹೇಳುವ ಬಾಯಲ್ಲಿ ಯಾರೂ ಕೇಳದಿದ್ದ ದನಿಯಲ್ಲಿ.

"ಹನ್ನೊಂದು ಸೆಕೆಂಡು ಮೌನ," ಎಂದ ನಿರ್ದೇಶಕ ಹೊರಗೆ ಬಂದು. "ಹಾಗೇ ಇರ್ಲಿ ಅಕ್ಕಾ. ಮುಟ್ಟಲ್ಲ."

ಅವನು ಮುಟ್ಟಲಿಲ್ಲ. ಭಾನುವಾರ ಮಧ್ಯಾಹ್ನ ನಾಟಕ ಪ್ರಸಾರವಾಯಿತು. ಸದ್ದಕ್ಕ ಮಗಳ ಜೊತೆ ಅಡುಗೆಮನೆಯಲ್ಲಿ ಕೂತು ಕೇಳಿದಳು. ಹೆಜ್ಜೆ ಹೊಸ್ತಿಲಿಗೆ ಬಂತು. ಅವಳು ಬೆರಳು ಮಡಚುತ್ತಾ ಎಣಿಸಿದಳು. ನಾಲ್ಕನೇ ಬೆರಳಿಗೆ ಅವನು ಒಳಗೆ ಬಂದುಬಿಟ್ಟ, ಯಾರೋ ಹಿಂದಿನಿಂದ ನೂಕಿದ ಹಾಗೆ.

"ಕತ್ತರಿಸಿದ್ದಾರೆ."

"ಏನಮ್ಮಾ?"

"ಏಳು ಸೆಕೆಂಡು."

"ಅಯ್ಯೋ, ಏಳು ಸೆಕೆಂಡಿಗೆ ಯಾರಾದ್ರೂ ಜಗಳ ಆಡ್ತಾರಾ? ಯಾರಿಗೆ ಗೊತ್ತಾಗುತ್ತೆ ಬಿಡು."

ಸದ್ದಕ್ಕ ಎದ್ದು ಪಾತ್ರೆ ತೊಳೆಯತೊಡಗಿದಳು. ಉತ್ತರವನ್ನು ಪಾತ್ರೆಗಳೇ ಕೊಟ್ಟವು. ಮಗಳು ಮೆಲ್ಲಗೆ ಎದ್ದು ಆಚೆ ಹೋದಳು.

ಸೋಮವಾರ ಬೆಳಿಗ್ಗೆ ಮಕ್ಕಳ ನಾಟಕದ ರೆಕಾರ್ಡಿಂಗ್. ಮೊದಲ ದೃಶ್ಯದಲ್ಲೇ ಮಳೆ. ಟೀಚರ್ ಇದ್ದಳು, ಪಾತ್ರ ಮಾಡುವ ಇನ್ನಿಬ್ಬರು ಬಂದಿದ್ದರು. ಸ್ಟುಡಿಯೋದ ಬಾಗಿಲು ಎಂಟು ಅಂಗುಲ ದಪ್ಪದ್ದು. ಅದು ಪೂರ್ತಿ ಕೂರದೆ ಕೆಂಪು ದೀಪ ಹತ್ತುವುದಿಲ್ಲ, ದೀಪ ಹತ್ತದೆ ಕೆಲಸ ಶುರುವಾಗುವುದಿಲ್ಲ. ಸದ್ದಕ್ಕ ಎಡಗಾಲಿನ ಚಪ್ಪಲಿಯನ್ನು ಬಾಗಿಲ ಸಂದಿಗೆ ತುರುಕಿ, ಬಲಗಾಲಿನದನ್ನು ಅದರ ಮೇಲಿಟ್ಟು, ಪಕ್ಕದಲ್ಲೇ ಕೈಕಟ್ಟಿ ನಿಂತಳು.

"ಅಕ್ಕಾ, ನಾನಲ್ಲ," ಎಂದ ನಿರ್ದೇಶಕ, ಮುಖ ಚಿಕ್ಕದು ಮಾಡಿಕೊಂಡು. "ಮೇಲಿಂದ ಹೇಳಿದ್ರು."

"ಗೊತ್ತಪ್ಪ. ಮೇಲಿನವರನ್ನ ಕೆಳಗೆ ಕರಿ."

ಮುಖ್ಯಸ್ಥರು ಬಂದರು. ಕನ್ನಡಕ ಹಣೆಗೇರಿಸಿ ಚಪ್ಪಲಿ ನೋಡಿದರು. "ಏನಮ್ಮಾ ಇದು? ಕೆಲಸ ನಿಂತಿದೆ."

"ನನ್ನ ಏಳು ಸೆಕೆಂಡು ಎಲ್ಲಿ ಸಾರ್?"

"ಓ, ಅದಾ! ನೋಡಮ್ಮಾ, ನಾಲ್ಕು ಸೆಕೆಂಡಿಗಿಂತ ಜಾಸ್ತಿ ಸುಮ್ಮನಿದ್ರೆ ಕೇಳುಗರು ರೇಡಿಯೋ ಕೆಟ್ಟಿದೆ ಅಂದ್ಕೊಳ್ತಾರೆ. ಯಾರು ಅಷ್ಟೊತ್ತು ಕಾಯ್ತಾರೆ?"

ಅವಳು ದನಿ ಏರಿಸಲಿಲ್ಲ. ಮೈಕಿನ ಮುಂದೆ ಹೆಜ್ಜೆ ಇಡುವ ಹಾಗೆ ಒಂದೊಂದೇ ಮಾತಿಟ್ಟಳು.

"ಜೀವ ಇದ್ದ ಗಂಡನ ಸುದ್ದಿಯನ್ನ ನಲವತ್ತು ನಿಮಿಷ ಮಡಿಲಲ್ಲಿಟ್ಕೊಂಡು ಈ ಬಾಗಿಲಲ್ಲಿ ಕೂತಿದ್ರಲ್ಲ ಸಾರ್, ಆಗ ಕಾಯೋಕೆ ಬಂತು. ಅವರು ಹೊಸ್ತಿಲಲ್ಲಿ ಹನ್ನೊಂದು ಸೆಕೆಂಡು ನಿಂತ್ಕೊಂಡ್ರೆ ಕಾಯೋಕೆ ಬರಲ್ವಾ?"

ಕಾರಿಡಾರಿನಲ್ಲಿ ಟೈಪಿಸ್ಟನ ಕೈ ನಿಂತಿತು. ಮುಖ್ಯಸ್ಥರ ಕನ್ನಡಕ ಹಣೆಯಿಂದ ಜಾರಿ ಮೂಗಿಗೆ ಬಂತು. ಅವರು ಬಾಗಿಲ ಮೇಲಿನ ದೀಪದತ್ತ ನೋಡಿದರು. ಅದು ಹತ್ತಿರಲಿಲ್ಲ.

"ಮೂಲದ್ದು ಇದೆಯೇನಪ್ಪಾ?" ಎಂದು ಕೇಳಿದರು ಕೊನೆಗೆ, ನಿರ್ದೇಶಕನ ಕಡೆ ತಿರುಗಿ.

"ಇದೆ ಸಾರ್. ಇಟ್ಕೊಂಡಿದ್ದೀನಿ."

"ಹಾಕು."

ಕಾರಿಡಾರಿನ ಗೋಡೆಯ ಮೇಲಿನ ಸ್ಪೀಕರಿನಲ್ಲಿ ಬೀಗದವನು ನಡೆದುಬಂದ. ಟಪ್, ಸರ್ರ್. ನಿಂತ. ಟೀಚರ್, ಟೈಪಿಸ್ಟು, ಮುಖ್ಯಸ್ಥರು, ಎಲ್ಲ ನಿಂತರು. ಸದ್ದಕ್ಕ ಬೆರಳು ಮಡಚುತ್ತಿದ್ದಳು. ಹತ್ತು ಬೆರಳೂ ಮುಗಿದು ಮೊದಲಿನದಕ್ಕೆ ಬಂದಾಗ ಅವನು ಒಳಗೆ ಕಾಲಿಟ್ಟ.

"ರೇಡಿಯೋ ಕೆಟ್ಟಿತ್ತಾ ಸಾರ್?"

"ಗುರುವಾರದ ಮರುಪ್ರಸಾರಕ್ಕೆ ಇದೇ ಹೋಗಲಿ," ಎಂದರು ಮುಖ್ಯಸ್ಥರು ನಿರ್ದೇಶಕನಿಗೆ. ಹೊರಡಲು ತಿರುಗಿದವರು ನಿಂತರು. "ಅಮ್ಮಾ, ಅವತ್ತು ನಾನು..."

"ಅವತ್ತಿನದು ಇದರಲ್ಲಿ ತೀರಲ್ಲ ಸಾರ್. ಅದು ಹಾಗೇ ಇರುತ್ತೆ. ನೀವು ಹೊರಡಿ, ಮಳೆ ಬರಬೇಕು."

ಅವಳು ಬಗ್ಗಿ ಚಪ್ಪಲಿ ಎತ್ತಿಕೊಂಡಳು, ಸೆರಗಿನಿಂದ ಧೂಳು ಒರೆಸಿ ಚೀಲಕ್ಕೆ ಹಾಕಿದಳು. ಬಾಗಿಲು ಕೂತಿತು, ದೀಪ ಹತ್ತಿತು. ಜರಡಿಗೆ ಎರಡು ಹಿಡಿ ಬಟಾಣಿ ಹೆಚ್ಚಾಗಿಯೇ ಸುರಿದು ಮೈಕಿಗೆ ಹಿಡಿದಳು. ಮಕ್ಕಳ ನಾಟಕ, ಸಣ್ಣ ಮಳೆ ಸಾಕಿತ್ತು. ಗಾಜಿನಾಚೆಯಿಂದ ನಿರ್ದೇಶಕ ಅಂಗೈ ಕೆಳಗೆ ಮಾಡಿ, ಮೆಲ್ಲಗೆ, ಮೆಲ್ಲಗೆ ಎಂದು ಸನ್ನೆ ಮಾಡಿದ.

ಸದ್ದಕ್ಕ ಅವನನ್ನು ನೋಡಿದಳು. ಕಡಿಮೆ ಮಾಡಲಿಲ್ಲ.