ಗುಡ್ಡದ ತುಂಬೆ, ಹೊಲದ ತುಂಬೆ

ಸಾಗವಾನಿ ಮರವೂ ಪುದೀನಾ ಸೊಪ್ಪೂ ಒಂದೇ ಕುಟುಂಬಕ್ಕೆ ಸೇರಿದವು ಎಂದು ಮುಬೀನಾ ಮೇಡಂ ಹೇಳಿದರೆ ತರಗತಿಯಲ್ಲಿ ಯಾರಾದರೂ ನಕ್ಕೇ ನಗುತ್ತಾರೆ. ಮೇಡಂ ನಗು ನಿಲ್ಲುವವರೆಗೆ ಕಾಯುತ್ತಾರೆ.

"ನಾವೂ ಮೊದಲ ಬ್ಯಾರೆ ಅಂತಾನ ಓದಿದ್ವಿ. ಹೂವಿನ ಆಕಾರ ನೋಡಿ ಬ್ಯಾರೆ ಇಟ್ಟಿದ್ರು. ಡಿಎನ್ಎ ನೋಡಿದ ಮ್ಯಾಲ ಸಾಗವಾನಿನ ತಂದು ತುಳಸಿ, ಪುದೀನಾ, ತುಂಬಿ ಗಿಡ ಇರೋ ಮನಿಗಿ ಸೇರಿಸ್ಯಾರ."

ಮುಬೀನಾ ದೋರನಹಳ್ಳಿಯಲ್ಲಿ ಬಳೆ ಮಾರುತ್ತಿದ್ದ ನಬಿಸಾಬರ ಮಗಳು. ಶಹಾಪುರದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾರೆ. ಮಂಡಿ ನೋಯುತ್ತಿದ್ದರೂ ಗುಡ್ಡ ಹತ್ತುವುದನ್ನು ಬಿಟ್ಟವರಲ್ಲ. ಒಂದು ಮಳೆಗಾಲ, ಪ್ರಾಣಿಶಾಸ್ತ್ರ ಕಲಿಸುವ ಅಮಾತೆಪ್ಪನವರ ಜೊತೆ ಮೇಲೆ ಹೋದಾಗ ಬಂಡೆಯ ಬಿರುಕಿನಲ್ಲಿ ಒಂದು ತುಂಬೆ ಗಿಡ ಕಂಡರು. ಹೊಲದ ತುಂಬೆಯಂತೆ ಅದು ಎತ್ತರವಿರಲಿಲ್ಲ. ಎಲೆ ಸಣ್ಣ ಕಡ್ಡಿಯಂತೆ, ಮೈಯೆಲ್ಲ ಬಿಳಿ ಕೂದಲು.

"ಇದು ನಮ್ಮ ತುಂಬಿ ಅಲ್ರಿ ಮೇಡಂ," ಎಂದರು ಅಮಾತೆಪ್ಪ.

ಮುಬೀನಾಗೂ ಹಾಗೇ ಅನ್ನಿಸಿತ್ತು. ಕಾಲೇಜಿನ ಸಂಗ್ರಹದಲ್ಲಿದ್ದ ಒಣಗಿದ ತುಂಬೆ ಮಾದರಿಗಳ ಪಕ್ಕ ಇಟ್ಟು ನೋಡಿದರು, ಯಾವುದಕ್ಕೂ ಹೊಂದಲಿಲ್ಲ. ಹೊಸ ಗಿಡವೇ ಸಿಕ್ಕಿತೆಂಬ ಹಿಗ್ಗಿನಲ್ಲಿ ಅಂದು ಬಸ್ಸಿನಿಂದ ಇಳಿಯುವುದನ್ನೇ ಮರೆತು ಮುಂದಿನ ಸ್ಟಾಪಿಗೆ ಹೋಗಿಬಿಟ್ಟರು.

ಆದರೂ ಡಿಎನ್ಎ ನೋಡದೆ ಏನೂ ಹೇಳಬಾರದೆಂದುಕೊಂಡರು. ಎರಡೂ ತುಂಬೆಗಳ ಎಲೆ ಒಣಗಿಸಿಕೊಂಡು ಕಲಬುರಗಿಯ ಪ್ರಯೋಗಾಲಯಕ್ಕೆ ಹೋದರು. ಈ ಕುಟುಂಬದ ಗಿಡಗಳಿಗೆ ಘಮ ಕೊಡುವ ಎಣ್ಣೆ, ಎಲೆಯ ಒಗರು ಎರಡೂ ಅಲ್ಲಿ ಕಾಟ ಕೊಟ್ಟವು. ಎಷ್ಟು ಸಲ ಅರೆದು ಸೋಸಿದರೂ ನಳಿಕೆಯ ತಳದಲ್ಲಿ ಕಂದು ಬಣ್ಣದ ಅಂಟೇ ನಿಲ್ಲುತ್ತಿತ್ತು. ಬೇಸಿಗೆ ರಜೆಯನ್ನೆಲ್ಲ ಅಲ್ಲೇ ಕಳೆದು, ತಮಗಿಂತ ಚಿಕ್ಕವರ ಪಕ್ಕದಲ್ಲಿ ನಿಂತು ಕಲಿತರು. ಕೊನೆಗೆ ಎಳೆಯ ಚಿಗುರು ಹಾಕಿದಾಗ ಡಿಎನ್ಎ ತಿಳಿಯಾಗಿ ಬಂತು. ಅದರ ಅಕ್ಷರಗಳ ಅನುಕ್ರಮ ಓದಿಸಲು ದೂರದ ಊರಿಗೆ ಕಳಿಸಿದರು.

ಅಷ್ಟರಲ್ಲಿ ಪ್ರಿನ್ಸಿಪಾಲ್ ಜಲಾಲುದ್ದೀನರು ಹೆಮ್ಮೆ ತಡೆಯಲಾರದೆ ಪತ್ರಿಕೆಯವರಿಗೆ ಸುದ್ದಿ ಕೊಟ್ಟಿದ್ದರು. ಸುರಪುರದಲ್ಲಿ ಸನ್ಮಾನವೂ ನಿಗದಿಯಾಯಿತು.

"ಇನ್ನಾ ಫಲಿತಾಂಶ ಬಂದಿಲ್ರಿ ಸರ್."

"ಬರ್ತದ ಬಿಡ್ರಿ. ನಿಮ್ಮ ಕಣ್ಣು ಸುಳ್ಳಾಗತದೇನು?"

ಮುಬೀನಾಗೆ ಅಳುಕು ಶುರುವಾಗಿದ್ದು ಮನೆಯ ಮಾಳಿಗೆಯಲ್ಲಿ. ಗುಡ್ಡದ ಗಿಡದ ಬೀಜವನ್ನು ಕುಂಡದಲ್ಲಿ ಹಾಕಿ ನೀರುಣಿಸುತ್ತಿದ್ದರು. ಸಸಿ ದೊಡ್ಡದಾದಂತೆ ಎಲೆ ಅಗಲವಾಯಿತು, ಕೂದಲು ಕಡಿಮೆಯಾಯಿತು. ಸನ್ಮಾನದ ಹಿಂದಿನ ದಿನ ಫಲಿತಾಂಶವೂ ಬಂತು. ಗುಡ್ಡದ್ದೂ ಹೊಲದ್ದೂ ಒಂದೇ ತುಂಬೆ. ಮುಬೀನಾ ಅಡುಗೆಮನೆಗೆ ಹೋಗಿ ಒಬ್ಬರೇ ಅತ್ತರು.

ಮರುದಿನ ಸಭಾಂಗಣದ ಬಾಗಿಲಲ್ಲಿ ಅಮಾತೆಪ್ಪ ಮೆಲ್ಲಗೆ ಹೇಳಿದರು: "ಇವತ್ತೊಂದಿನ ಸುಮ್ಮನಿರ್ರಿ ಮೇಡಂ. ಮುಂದ ಯಾವಾಗರ ಹೇಳೂಣು."

"ಒಮ್ಮಿ ಶಾಲು ಹೊದ್ದುಕೊಂಡ ಮ್ಯಾಲ ಬಾಯಿ ತಗಿಯಾಕ ಆಗಂಗಿಲ್ರಿ," ಎಂದು ಮುಬೀನಾ ನೇರ ಮೈಕಿನ ಹತ್ತಿರ ಹೋದರು.

"ಇದು ಹೊಸ ಗಿಡ ಅಲ್ರಿ. ನಮ್ಮ ಹೊಲದ ತುಂಬೀನ. ನಾನು ತಪ್ಪು ತಿಳಕೊಂಡಿದ್ದೆ. ಡಿಎನ್ಎ ಖರೇ ಹೇಳ್ತು."

ಜಲಾಲುದ್ದೀನರು ತಲೆ ತಗ್ಗಿಸಿದರು. ಶಾಲು ಹಿಡಿದು ನಿಂತಿದ್ದವರಿಗೆ ಮುಂದೇನು ಮಾಡಬೇಕೆಂದು ತಿಳಿಯಲಿಲ್ಲ. ಆಗ ಹಿಂದಿನ ಸಾಲಿನಿಂದ ನಿವೃತ್ತ ಶಿಕ್ಷಕಿ ಭೀಮಮ್ಮ ಎದ್ದು ಕೇಳಿದರು: "ಹಂಗಿದ್ರ ಗುಡ್ಡದಾಗ ಅದಕ್ಯಾಕ ಅಷ್ಟು ಕೂದಲ ಬಂದಾವ್ರಿ, ಬಾಯಾರ?"

ಆ ಪ್ರಶ್ನೆ ಕೇಳಿ ಮುಬೀನಾರ ಮುಖ ಅರಳಿತು. ಕಾದ ಬಂಡೆ, ಹಿಡಿಯಷ್ಟು ಮಣ್ಣು, ನಿಲ್ಲದ ನೀರು. ಅಂಥ ಕಡೆ ಒಂದು ಗಿಡ ಎಲೆ ಸಣ್ಣ ಮಾಡಿಕೊಂಡು, ಕೂದಲು ಹೊದ್ದು, ಇದ್ದ ನೀರನ್ನು ಹೇಗೆ ಕಾಪಾಡಿಕೊಳ್ಳುತ್ತದೆಂದು ಹೇಳುತ್ತ ಹೋದರು. ಜನ ಕುಳಿತು ಕೇಳಿದರು. ಚಹಾ ತಣ್ಣಗಾಯಿತು.

ಪ್ರಿನ್ಸಿಪಾಲರು ಕೆಲವು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಆಮೇಲೆ ಅವರೇ ಬಂದು ಕಾಲೇಜಿನಲ್ಲಿ ಒಂದು ಚಿಕ್ಕ ಪ್ರಯೋಗಾಲಯಕ್ಕೆ ಕೋಣೆ ಬಿಟ್ಟುಕೊಟ್ಟರು. ಒಂದೇ ತುಂಬೆ ಎರಡು ರೂಪ ತಾಳುವ ಬಗ್ಗೆ ಮುಬೀನಾ ಬರೆದ ಲೇಖನ ಪ್ರಕಟವಾಯಿತು. ಸುದ್ದಿ ಮಾಡಲು ಯಾರೂ ಬರಲಿಲ್ಲ.

ಈಗ ಅವರು ತಿಂಥಣಿಯ ಹೊಳೆ ದಂಡೆಯಲ್ಲಿ ಲಕ್ಕಿ ಗಿಡದ ಚಿಗುರು ಆರಿಸುತ್ತಿದ್ದಾರೆ. ಸಾಗವಾನಿಯಂತೆ ಅದೂ ಡಿಎನ್ಎ ನೋಡಿದ ಮೇಲೆಯೇ ಪುದೀನಾ ಬಳಗ ಸೇರಿದ್ದು.