ಹೊಳೆ ನಿಲ್ಲುವ ದಿನ

ಸಂಜೆ ಐದೂವರೆಗೆ ಮನೆ ಬಿಡುವುದು, ಏಳಕ್ಕೆ ಹಿಂದಿರುಗುವುದು. ಬೋರ್ಡಿಂಗಿನ ಗಂಟೆ ಬಾರಿಸಿದಂತೆ ಎದ್ದು, ಉಂಡು, ಮಲಗಿ ಬೆಳೆದವನು ನಾನು. ಹೊನ್ನಾಳಿಗೆ ಮೇಷ್ಟ್ರಾಗಿ ಬಂದ ಮೇಲೂ ತಿರುಗಾಟಕ್ಕೆ ವೇಳಾಪಟ್ಟಿ ಹಾಕಿಕೊಂಡಿದ್ದೆ. ಮೊದಲು ಹಳೆಯ ಕೋಟೆಯ ಕುಸಿದ ಗೋಡೆ, ಅಲ್ಲಿಂದ ಹೊಳೆಯ ದಂಡೆ, ಕಲ್ಲುಮಂಟಪ, ಕೊನೆಗೆ ಹುಣಸೆಮರದ ಕೆಳಗಿನ ವೀರಗಲ್ಲು. ಆ ಕಲ್ಲನ್ನು ಮುಟ್ಟಿ ಹಿಂದಿರುಗುತ್ತಿದ್ದೆ.

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ನನಗೆ ಮದುವೆಯಾಯಿತು. ಹುಡುಗಿ ಜಗಳೂರು ಸೀಮೆಯ ಬಿಳಿಚೋಡಿನ ಕಡೆಯವಳು. ಭಾದ್ರಪದದಲ್ಲಿ ಮನೆಗೆ ಬಂದಳು. ಹದಿನೈದು ದಿನ ಕಳೆದಿರಬೇಕು, ಪಕ್ಕದ ಮನೆಯ ಅಜ್ಜಿ ನನ್ನನ್ನು ಕಟ್ಟೆಯ ಬಳಿ ತಡೆದರು.

"ನಿನ್ನ ಹೆಂಡ್ತಿ ಅವರಣ್ಣಗೆ ಕಾಗದ ಬರೆಸ್ಯಾಳೆ, ಬಂದು ಕರ್ಕೊಂಡು ಹೋಗು ಅಂತ. ಗೊತ್ತೈತೇನಪ್ಪ?"

ಗೊತ್ತಿರಲಿಲ್ಲ. "ಯಾಕಂತೆ?" ಎಂದೆ.

"ಮಾತಾಡೋರು ಯಾರೂ ಇಲ್ಲಂತೆ."

ನಾನು ದಿನಾ ಮಾತಾಡುತ್ತಿದ್ದೆನಲ್ಲ! ಊಟ ಆಯಿತೇ, ದೀಪಕ್ಕೆ ಎಣ್ಣೆ ಇದೆಯೇ, ಬಾಗಿಲ ಅಗುಳಿ ಹಾಕಿದೆಯಾ ಎಂದು ಒಂದು ದಿನವೂ ತಪ್ಪದೆ ಕೇಳುತ್ತಿದ್ದೆ.

ಮರುದಿನ ಸಂಜೆಯ ತಿರುಗಾಟಕ್ಕೆ ಅವಳನ್ನೂ ಹೊರಡಿಸಿದೆ. ಆಗೆಲ್ಲ ಗಂಡ ಹೆಂಡತಿ ಜೋಡಿಯಾಗಿ ತಿರುಗಾಡುವುದು ರೂಢಿಯಲ್ಲ. ನಾನು ಮುಂದೆ, ಅವಳು ಹತ್ತು ಹೆಜ್ಜೆ ಹಿಂದೆ. ನನ್ನ ಬಿರುಸಿಗೆ ಆ ಹತ್ತು ಐವತ್ತಾಗುತ್ತಿತ್ತು. ಮಂಟಪದ ಬಳಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಬಿಡಲಿಲ್ಲ.

"ಏನ್ರೀ ಮೇಷ್ಟ್ರೇ, ಬಸ್ಸು ಹಿಡಿಯಾಕೆ ಹೊಂಟೀರೇನು? ನಿಮ್ಮ ಹೆಂಡ್ರು ಕೋಟೆ ಹತ್ರಾನೇ ಉಳದ್ರು ನೋಡ್ರಿ!"

"ಸುಮ್ನಿರೇ, ಹುಡುಗರಿಗೆ ಡ್ರಿಲ್ ಮಾಡ್ಸಿ ಮಾಡ್ಸಿ ಅವರ ಕಾಲೇ ಹಂಗಾಗ್ಯಾವೆ," ಎಂದಳು ಇನ್ನೊಬ್ಬಳು.

ಹಿಂದಿನಿಂದ ನಗು ಕೇಳಿಸಿತು. ನಮ್ಮ ಮನೆಗೆ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಹೊಳೆ ದಡ ತುಂಬಿ ಕೆಂಪಗೆ ಹರಿಯುತ್ತಿತ್ತು. ಅವಳು ಸೆರಗಿನ ತುದಿ ಹಿಡಿದು ಬಹಳ ಹೊತ್ತು ನೋಡಿದಳು.

"ಇದು ಯಾವಾಗ ನಿಲ್ತೈತ್ರಿ?"

"ಯಾವುದು?"

"ಈ ನೀರು. ಮಳೆ ನಿಂತು ಎಂಟು ದಿನ ಆತು, ಇನ್ನೂ ಹರೀತಾನೇ ಐತಲ್ಲ."

ಅವಳ ಊರಿನ ಹಳ್ಳ ಮಳೆ ಬಂದ ದಿನ ಹರಿದು, ಮೂರನೆಯ ದಿನಕ್ಕೆ ಬರೀ ಮರಳಾಗುವಂಥದು. ಹರಿಯುವ ನೀರೆಂದರೆ ಮುಗಿದುಹೋಗುವ ನೀರೆಂದೇ ಅವಳು ತಿಳಿದಿದ್ದಳು. ತುಂಗೆ ಎಲ್ಲಿ ಹುಟ್ಟುತ್ತದೆ, ಭದ್ರೆ ಎಲ್ಲಿ ಕೂಡುತ್ತದೆ ಎಂದು ನಾನು ಪಾಠ ಮಾಡಿದೆ. ಇದು ಬೇಸಿಗೆಯಲ್ಲೂ ನಿಲ್ಲುವುದಿಲ್ಲ ಎಂದೆ.

"ನೋಡ್ದೋರು ಯಾರು?"

"ನಾನೇ. ದಿನಾ ನೋಡುತ್ತೇನೆ."

"ನೀವೆಲ್ಲಿ ಹೊಳೆ ನೋಡ್ತೀರಿ? ಗಡಿಯಾರ ನೋಡ್ತೀರಿ."

ನನ್ನ ಕೈ ಕಿಸೆಯ ಗಡಿಯಾರದ ಮೇಲೇ ಇತ್ತು.

ವೀರಗಲ್ಲಿನ ಮುಂದೆಯೂ ತರಗತಿಯಲ್ಲಿ ಹೇಳುವುದನ್ನೇ ಹೇಳಿದೆ. ಕೆಳಗೆ ದನಗಳ್ಳರೊಡನೆ ಕಾದಾಟ, ನಡುವೆ ಸತ್ತ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ಅವಳು ಕುಕ್ಕರಗಾಲಿನಲ್ಲಿ ಕುಳಿತು ಕೆಳಗಿನ ಸಾಲನ್ನು ಬೆರಳಿನಿಂದ ಸವರಿದಳು.

"ಎಲ್ಲಾ ದನ ಮುಂದಕ್ಕೆ ಹೊಂಟಾವೆ. ಇದೊಂದು ಹಸ ಹಿಂದಕ್ಕೆ ನೋಡ್ತೈತೆ."

"ಕೆತ್ತಿದವನ ಕೈತಪ್ಪಿರಬೇಕು."

"ತಪ್ಪಲ್ರಿ. ಕರ ಹಿಂದೆ ಉಳದೈತೆ."

ವರ್ಷಗಟ್ಟಲೆ ಮುಟ್ಟಿ ಹಿಂದಿರುಗಿದ ಕಲ್ಲು. ಆ ಹಸುವನ್ನು ನಾನು ಕಂಡೇ ಇರಲಿಲ್ಲ.

ತವರಿನಲ್ಲಿ ದನಗಳೆಷ್ಟಿವೆ ಎಂದು ಕೇಳಿದೆ. ಒಂದೊಂದರ ಬಣ್ಣ, ಕೊಂಬು, ತುಂಟತನ ಎಲ್ಲ ಹೇಳತೊಡಗಿದಳು. ದನಿ ಸಣ್ಣದು, ಕೇಳಿಸಬೇಕಾದರೆ ಪಕ್ಕದಲ್ಲೇ ನಡೆಯಬೇಕಿತ್ತು. ಮಂಟಪದ ಬಳಿಯ ಹೆಂಗಸರು ಏನೆಂದರೋ ತಿಳಿಯದು. ಮನೆ ಮುಟ್ಟಿದಾಗ ಏಳೂ ಮುಕ್ಕಾಲು. ಅಂದಿನಿಂದ ದಿನಾ ಹಾಗೆಯೇ ಹೋಗಿಬಂದೆವು.

ಮುಂದಿನ ವಾರ ಅವಳ ಅಣ್ಣ ಬಂದ. ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸಿನ ಮಸಿ ಬಿಳಿಯ ರುಮಾಲಿಗೆಲ್ಲ ಮೆತ್ತಿತ್ತು. ಉಂಡು, ಎಲೆಅಡಿಕೆ ಹಾಕಿಕೊಂಡು, "ಗಂಟು ಕಟ್ಟೀಯೇನವ್ವ? ನಾಳೆ ಬೆಳಗಿನ ಬಸ್ಸಿಗೆ ಹೋಗಾನ," ಎಂದ ತಂಗಿಗೆ.

ನಾನು ಗಡಿಯಾರಕ್ಕೆ ಕೀಲಿ ಕೊಡುತ್ತಾ ನಿಂತೆ. ಅದು ಕೀಲಿ ಕೊಡುವ ಹೊತ್ತಲ್ಲ.

"ಈಗ ಬ್ಯಾಡಣ್ಣ," ಎಂದಳು. "ಬೇಸಿಗೆ ಬರ್ಲಿ. ಈ ಹೊಳೆ ನಿಲ್ತೈತೋ ಇಲ್ಲೋ ನೋಡೇ ಬರ್ತಾಳಂತೆ ಅಂತ ಅವ್ವಗೆ ಹೇಳು."

"ನಿಲ್ಲಾಕೆ ಇದೇನು ನಮ್ಮೂರ ಹಳ್ಳವೇನೇ, ಹುಚ್ಚಿ?"

"ಇವರೂ ಹಂಗೇ ಅಂತಾರೆ. ನಾನು ಕಣ್ಣಾರೆ ನೋಡಬೇಕು."

ಬೇಸಿಗೆ ಬಂತು. ಹೊಳೆ ಸೊರಗಿ, ಬಂಡೆಗಳ ಸಂದಿನಲ್ಲಿ ಹರಿಯತೊಡಗಿತು. ಅವಳು ಸೀರೆ ಎತ್ತಿಕಟ್ಟಿ ಮೊಣಕಾಲುದ್ದ ನೀರಿಗೆ ಇಳಿಯುವಳು. ಒಂದು ಹುಣಸೆಸೊಪ್ಪಿನ ಕಡ್ಡಿ ಬಿಟ್ಟು, ತೇಲಿಹೋಗುತ್ತದೋ ಎಂದು ಬಗ್ಗಿ ನೋಡುವಳು. ನಾನು ದಡದಲ್ಲಿ ಕುಳಿತಿರುತ್ತಿದ್ದೆ. ಗಡಿಯಾರ ಮನೆಯ ಗೂಡಿನಲ್ಲಿರುತ್ತಿತ್ತು.

"ಇವತ್ತೂ ಹೊಂಟೈತ್ರೀ," ಎಂದು ಅಲ್ಲಿಂದಲೇ ಕೂಗುವಳು.