ಹೋಟೆಲ್ ಮಾಮ ಬ್ರೇಕು ಬಿಚ್ಚಿದ್ದು

ಅವರ ಮುಂಗೈಗಳಲ್ಲಿ ಹೆಸರಿಗೂ ಒಂದು ಕೂದಲಿರಲಿಲ್ಲ. ಅರ್ಧ ಆಯುಷ್ಯ ದೋಸೆ ಕಲ್ಲಿನ ಮುಂದೆ ನಿಂತು ಎಲ್ಲ ಸುಟ್ಟುಹೋಗಿ, ಎಣ್ಣೆ ಸಿಡಿದ ಬಿಳಿ ಚುಕ್ಕೆಗಳಷ್ಟೇ ಉಳಿದಿದ್ದವು. ಹೆಗಲ ಮೇಲೆ ಸದಾ ಒಂದು ಬೈರಾಸು. ಅದರಲ್ಲಿ ಮೇಜು ಒರೆಸುವರು, ಬೆವರು ಒರೆಸುವರು, ತೊಳೆದ ತಟ್ಟೆಯನ್ನೂ ಗಿರಾಕಿಯ ಮುಂದಿಡುವ ಮೊದಲು ಮತ್ತೊಮ್ಮೆ ಒರೆಸುವರು. ಇದೇ ಕ್ರಮದಲ್ಲಿ ಒರೆಸುವುದಿಲ್ಲವೆಂದು ನಂಬಿ ನಾವೆಲ್ಲ ತಿನ್ನುತ್ತಿದ್ದೆವು. ಒರೆಸದೆ ಏನನ್ನೂ ಇನ್ನೊಬ್ಬರಿಗೆ ಕೊಡಬಾರದೆಂಬುದು ಅವರ ಶಿಸ್ತು.

ಎಪ್ಪತ್ತರ ದಶಕದ ಆರಂಭದಲ್ಲಿ ನಾಸಿಕದಲ್ಲಿ ಅವರ ಹೋಟೆಲಿನ ಮೇಲಿನ ಕೋಣೆಗಳಲ್ಲಿ ನಾವು ಬಾಡಿಗೆಗಿದ್ದೆವು. ನನ್ನವರಿಗೆ ಕಾರ್ಖಾನೆಯಲ್ಲಿ ಕೆಲಸ, ನಾನು ಮದುವೆಯಾಗಿ ಬಂದ ಹೊಸಬಳು. ಅವರು ಕುಂದಾಪುರದ ಕಡೆಯವರು, ನಾವು ಬೀದರಿನ ಮೂಲದವರು. ಅವರ ಕನ್ನಡ ಕೇಳಿದರೆ ನನಗೆ ನಗು, ನನ್ನದು ಕೇಳಿದರೆ ಅವರಿಗೆ ನಗು. ನಾನು ಅವರನ್ನು ಹೋಟೆಲ್ ಮಾಮ ಎನ್ನುತ್ತಿದ್ದೆ. ಅವರಂಥ ಪುಕ್ಕಲರನ್ನು ನಾನು ಬೇರೆ ಕಂಡಿಲ್ಲ. ಬೀಗ ಎಳೆದು ನೋಡಿ, ನಾಲ್ಕು ಹೆಜ್ಜೆ ಹೋಗಿ, ಮತ್ತೆ ಬಂದು ಎಳೆಯುವರು. ಕೆಳಗಿನಿಂದಲೇ ಕೂಗುವರು:

"ಸ್ಟೋವ್ ಆರಿಸಿದ್ಯಾ ಮಾರಾಯ್ತಿ?"

"ಆರಿಸೀನ್ರಿ ಮಾಮಾ. ನಿಮ್ಮ ಸಮಾಧಾನಕ್ಕ ಇನ್ನೊಮ್ಮಿ ಹಚ್ಚಿ ಆರಿಸ್ಲೇನ್ರಿ?"

ಈ ಪುಕ್ಕಲುತನಕ್ಕೆ ಕಾರಣವಿತ್ತು. ಅವರ ತಮ್ಮ ಕಸಾರಾ ಘಾಟಿನಲ್ಲಿ ಗಾಡಿಯ ಬ್ರೇಕು ಹಿಡಿಯದೆ ತೀರಿಕೊಂಡಿದ್ದ. ಆ ಬ್ರೇಕನ್ನು ಆಗಷ್ಟೇ ಯಾರ ಕೈಯಲ್ಲೋ ರಿಪೇರಿ ಮಾಡಿಸಿದ್ದರಂತೆ. ಅಂದಿನಿಂದ ಮಾಮ ತಮ್ಮ ಹಳೆಯ ಬೂದು ಕಾರಿನ ಬ್ರೇಕಿಗೆ ಬೇರೆಯವರ ಕೈ ತಾಗಿಸಲಿಲ್ಲ. ಅದರಲ್ಲಿ ಇನ್ನೊಬ್ಬರನ್ನು ಕೂರಿಸಲೂ ಇಲ್ಲ. ಚಾಂದವಡದಿಂದ ತರುವ ಈರುಳ್ಳಿ ಮೂಟೆಗಳೇ ಅದರ ಪ್ಯಾಸೆಂಜರುಗಳು. ಸ್ವಂತ ಹೆಂಡತಿ, ನಮ್ಮ ಮಾಮಿ, ಬಸ್ಸಿನಲ್ಲಿ ಓಡಾಡುತ್ತಿದ್ದರು.

ಹೀಗಿರುವಾಗ ನನಗೆ ದಿನ ತುಂಬುತ್ತ ಬಂತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ನನ್ನ ತವರು ಔರಂಗಾಬಾದು, ಈಗಿನ ಛತ್ರಪತಿ ಸಂಭಾಜಿನಗರ. ಬಸ್ಸಿನ ಕುಲುಕಾಟ ಕೂಡದೆಂದು ಡಾಕ್ಟರರು ಕಟ್ಟುನಿಟ್ಟಾಗಿ ಹೇಳಿದ್ದರು. ರೈಲಿನಲ್ಲಾದರೆ ಮನಮಾಡಿನಲ್ಲಿ ಗಾಡಿ ಬದಲಿಸುವ ನೂಕುನುಗ್ಗಲು. ಒಂದು ಬೆಳಿಗ್ಗೆ ಮಾಮ ಇದ್ದಕ್ಕಿದ್ದಂತೆ, "ನಾನೇ ಕಾರಲ್ಲಿ ಬಿಟ್ಟು ಬರ್ತೇನೆ" ಎಂದುಬಿಟ್ಟರು. ಮಾಮಿ ಸೌಟು ಹಿಡಿದುಕೊಂಡೇ ಹೊರಗೆ ಬಂದು ಗಂಡನ ಮುಖ ನೋಡಿದರು.

ಮಾತು ಕೊಟ್ಟ ಮೇಲೆ ಶುರುವಾಯಿತು ಅವರ ತಳಮಳ. ಹಿಂದಿನ ಚಕ್ರದಲ್ಲಿ ಕರಕರ ಸದ್ದು ಕೇಳುತ್ತದೆ ಎಂದರು, ಬ್ರೇಕಿನ ಪಟ್ಟಿ ಸವೆದಿದೆ ಎಂದರು. ಈಗಿನ ಹಾಗೆ ಆಗ ಡಿಸ್ಕು ಇರಲಿಲ್ಲ. ಚಕ್ರದ ಹಿಂದೆ ಒಂದು ಡ್ರಮ್ಮು, ಅದರೊಳಗೆ ಎರಡು ಕಮಾನು ಪಟ್ಟಿ, ಪೆಡಲು ತುಳಿದರೆ ಅವು ಅಗಲವಾಗಿ ಡ್ರಮ್ಮನ್ನು ಒತ್ತಿ ಹಿಡಿಯಬೇಕು. ಹೋಟೆಲಿನ ಹಿತ್ತಲಲ್ಲಿ ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನದನ್ನು ಜಾಕಿನ ಮೇಲೆ ಎತ್ತಿ ಕೂತರು. ನನ್ನವರು ಸಹಾಯಕ್ಕೆ. ತುಕ್ಕು ಹಿಡಿದ ಡ್ರಮ್ಮು ಜಪ್ಪಯ್ಯ ಎಂದರೂ ಬರಲಿಲ್ಲ, ಮರದ ಕೊಡತಿಯಲ್ಲಿ ಬಡಿದು ಬಡಿದು ಬಿಡಿಸಿದರು. ಎರಡೂ ಬದಿಯನ್ನು ಒಟ್ಟಿಗೆ ಬಿಚ್ಚಲು ಬಿಡಲಿಲ್ಲ: "ಒಂದು ಹಾಗೇ ಇರಲಿ, ಸ್ಪ್ರಿಂಗ್ ಯಾವುದು ಎಲ್ಲಿ ಅಂತ ನೋಡ್ಲಿಕ್ಕೆ ಬೇಕಲ್ಲ." ಹೊಸ ಪಟ್ಟಿಗಳನ್ನು ಒಂದೊಂದಾಗಿ ಬೈರಾಸಿನಿಂದ ಒರೆಸಿ, ಮತ್ತೆ ಒರೆಸಿ, ಕೂರಿಸಿದರು.

ಆದರೂ ನನ್ನನ್ನು ಹತ್ತಿಸಲು ಒಪ್ಪಲಿಲ್ಲ. ಮೊದಲು ಸಿನ್ನರ್ ಘಾಟು ಹತ್ತಿಳಿದು ನೋಡಿ ಬರುತ್ತೇನೆಂದು ಊಟದ ಹೊತ್ತಿಗೆ ಒಬ್ಬರೇ ಹೊರಟರು.

ಚಹದ ಹೊತ್ತಾಯಿತು, ಬರಲಿಲ್ಲ. ಮಾಮಿ ಬಾಗಿಲಲ್ಲಿ ಕೂತು ಅಕ್ಕಿ ಆರಿಸತೊಡಗಿದರು. ಆರಿಸಿದ ಅಕ್ಕಿಯನ್ನೇ ಮತ್ತೆ ಮೊರಕ್ಕೆ ಸುರಿದುಕೊಂಡರು. ನನಗಾಗಿ ತಾನೇ ಅವರು ಹೋದದ್ದು! ಏನಾದರೂ ಆದರೆ ಈ ಹೆಂಗಸಿಗೆ ಯಾವ ಬಾಯಲ್ಲಿ ಸಮಾಧಾನ ಹೇಳಲಿ? ಮಾಮಿಯೇ ನನ್ನ ಕೈ ಹಿಡಿದರು: "ಅವರು ಹೆದರುವ ಜನ ಅಲ್ವಾ. ಹಾಗಾಗಿ ಮನೆಗೆ ಬರ್ತಾರೆ."

ದೀಪ ಹಚ್ಚುವ ವೇಳೆಗೆ ಕಾರು ತೆವಳುತ್ತ ಬಂತು. ಮಾಮ ಇಳಿದು ಗೋಡೆ ಹಿಡಿದು ನಿಂತರು. ಇಳಿಜಾರಿನಲ್ಲಿ ಪೆಡಲು ತುಳಿದರೆ ಹಿಂದಿನ ಚಕ್ರ ಹಿಡಿಯಲೇ ಇಲ್ಲವಂತೆ, ಮುಂದಿನವುಗಳ ಹಿಡಿತ ಸಾಲಲಿಲ್ಲವಂತೆ. ಗೇರು ಇಳಿಸಿ ಇಳಿಸಿ, ಕಡೆಗೆ ರಸ್ತೆ ಬದಿಯ ಜಲ್ಲಿ ರಾಶಿಗೆ ಒರಗಿಸಿ ನಿಲ್ಲಿಸಿದರಂತೆ. "ನಿನ್ನನ್ನು ಕೂರಿಸ್ಕೊಂಡಿದ್ರೆ..." ಎಂದು ನನ್ನ ಹೊಟ್ಟೆಯ ಕಡೆ ನೋಡಿದರು.

ಮರುದಿನ ಡ್ರಮ್ಮು ಬಿಚ್ಚಿದಾಗ ಪಟ್ಟಿಗಳು ಕಪ್ಪಗೆ ಜಿಡ್ಡಾಗಿದ್ದವು. ಮಾಮಿ ಬಗ್ಗಿ ಮೂಸಿ, "ಇದೆಂತ, ವಡೆ ಪರಿಮಳ!" ಎಂದರು. ಎಲ್ಲರ ಕಣ್ಣೂ ಮಾಮನ ಹೆಗಲಿಗೆ ಹೋಯಿತು. ಬಾಣಲೆಯ ಅಂಚು ಒರೆಸಿದ ಬೈರಾಸಿನಲ್ಲೇ ಬ್ರೇಕನ್ನೂ ಒರೆಸಿದ್ದರು! ನನಗೆ ನಗು ತಡೆಯಲಾಗಲಿಲ್ಲ, ನಗುತ್ತಲೇ ಅತ್ತುಬಿಟ್ಟೆ. ಮಾಮ ನಗಲಿಲ್ಲ. ಜಿಡ್ಡು ಪಟ್ಟಿ ಕೈಯಲ್ಲಿ ಹಿಡಿದು, "ನನ್ನದೇ ಕೈ" ಎಂದರು. ಬೇರೆಯವರ ಕೈಯನ್ನು ದೂರುತ್ತ ಬಂದ ಮನುಷ್ಯ, ಪಾಪ.

"ರೈಲಿಗೇ ಹೋಗೋಣು, ಉಗಾಚ್, ಸುಮ್ನ ಯಾಕ ರಿಸ್ಕು?" ಎಂದರು ನನ್ನವರು. ಮಾಮನೂ ತಲೆಯಾಡಿಸಿದರು. ಮಾಮಿ ಮಾತ್ರ ಒಳಗೆ ಹೋಗಿ ಸೋಡಾ ಹಾಕಿ ನೀರು ಕುದಿಸಿದರು. ಡ್ರಮ್ಮು ತೊಳೆಸಿದರು, ಗಂಡನ ಕೈಯನ್ನು ಮೊಣಕೈವರೆಗೆ ತಿಕ್ಕಿಸಿದರು, ಒಗೆದ ಪಂಚೆ ಹಾಸಿ ಅದರ ಮೇಲೆ ಮತ್ತೆ ಹೊಸ ಪಟ್ಟಿ ಇರಿಸಿದರು. ಜೋಡಿಸಿ ಮುಗಿದದ್ದೇ ಸೆರಗು ಸಿಕ್ಕಿಸಿ ಮುಂದಿನ ಸೀಟಿನಲ್ಲಿ ಕೂತು, "ಘಾಟಿಗೆ ಹೋಗುವ" ಎಂದರು.

"ನೀನು ಇಳಿ ಮಾರಾಯ್ತಿ."

"ಇಳಿಯುದಿಲ್ಲ. ನಾನು ಕೂತು ಬಂದ್ರೆ ಈ ಹುಡುಗಿಯೂ ಕೂತ್ಕೊಳ್ತಾಳೆ."

ಆ ದಿನ ಚಹಕ್ಕೆ ನೀರಿಡುವ ಮುಂಚೆಯೇ ಇಬ್ಬರೂ ಹಿಂತಿರುಗಿದರು. ಮಾಮಿ ಇಳಿದು ನನಗೆ, "ಬಟ್ಟೆ ಕಟ್ಟಿಕೋ" ಎಂದರು.

ಔರಂಗಾಬಾದಿನ ದಾರಿಯುದ್ದಕ್ಕೂ ಮಾಮ ನಿಧಾನವಾಗಿಯೇ ಓಡಿಸಿದರು. ಯೇವಲೆಯಲ್ಲಿ, ವೈಜಾಪುರದಲ್ಲಿ ನಿಲ್ಲಿಸಿ, ಇಳಿದು, ಒಂದೊಂದೇ ಚಕ್ರ ಮುಟ್ಟಿ ಬಿಸಿ ನೋಡಿ, ಮೂಸಿ, ಮತ್ತೆ ಹತ್ತಿದರು. ನಾನು ಹಿಂದೆ ಮಾಮಿಯ ಕೈ ಹಿಡಿದು ಕೂತಿದ್ದೆ. ಹೆದರಿಕೆ ಇರಲಿಲ್ಲ ಎಂದರೆ ಸುಳ್ಳು. ನಮ್ಮ ಮನೆ ಮುಂದೆ ಅವ್ವ ದೃಷ್ಟಿ ತೆಗೆಯಲು ಬಂದಾಗ ನಾವು ಇಳಿದೆವು, ಮಾಮ ಇಳಿಯಲಿಲ್ಲ. ಸ್ಟೇರಿಂಗಿಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಅವ್ವ ಗಾಬರಿಯಾದಳು. "ಅಳಲಿ ಬಿಡಿ. ತಮ್ಮ ಹೋದಾಗ ಅತ್ತಿರಲಿಲ್ಲ" ಎಂದರು ಮಾಮಿ.

ಮಗಳು ಹುಟ್ಟಿದಳು, ಬೆಳೆದಳು. ಅವರ ಕಾರಿನಲ್ಲಿ ಓಣಿಯ ಬಾಣಂತಿಯರು, ಮುದುಕರು ಎಲ್ಲ ಓಡಾಡಿದರು. ಮಾಮ ತೀರಿಕೊಳ್ಳುವ ಹಿಂದಿನ ಮಧ್ಯಾಹ್ನ ಮಗಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿದ್ದೆ. ಜ್ವರದಲ್ಲಿ ಕಣ್ಣು ಮುಚ್ಚಿದ್ದರು. ಹೊದಿಕೆಯೊಳಗೆ ಬಲಗಾಲು ಪೆಡಲು ತುಳಿದಂತೆ ಒತ್ತುತ್ತಲೇ ಇತ್ತು.

"ಎಲ್ಲ ಇಳಿದ್ರಾ?" ಎಂದರು.

"ಇಳದೇವ್ರಿ ಮಾಮಾ" ಎಂದೆ. "ಎಲ್ಲಾರೂ ಆರಾಮ ಇಳದೇವ್ರಿ."

ಕಾಲು ಸುಮ್ಮನಾಯಿತು.